ಒಂದೇ ಪಾಪ, ಪ್ರತಿ ಶನಿವಾರ ನಿವೇದನೆ

(ನನ್ನ ಹತ್ತಿರ ಸಲಹೆಗೆ ಬಂದ ಒಬ್ಬರ ಕತೆ ಇದು, ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.)

ಮಂಗಳೂರು ಕಡೆಯ ಕೆಥೊಲಿಕ್ ಮಹಿಳೆ, ವಯಸ್ಸು ಐವತ್ತು ದಾಟಿದೆ. ಇಲ್ಲಿ ಬಾಯಿ ಅಂತಲೇ ಕರೆಯುತ್ತೇನೆ, ಕೊಂಕಣಿಯಲ್ಲಿ ಹೆಂಗಸರನ್ನು ಗೌರವದಿಂದ ಕರೆಯುವುದು ಹಾಗೆ. ಕುವೈತಿನಲ್ಲಿ ಕೆಲಸದಲ್ಲಿದ್ದಾಗ ಜಾಗದ ಪಾಲಿನ ವಿಷಯಕ್ಕೆ ತಾಯಿ, ಅಣ್ಣನ ಜೊತೆ ಮುನಿಸಾಯಿತು. ತಾಯಿ ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಹಾಗೇ ಇರುವಾಗ ತಾಯಿ ತೀರಿಕೊಂಡರು.

ಊರಿಗೆ ಬಂದು ಕುಮ್ಸಾರಿನಲ್ಲಿ, ಅಂದರೆ ಪಾದ್ರಿಯ ಮುಂದೆ ಮಾಡುವ ಪಾಪನಿವೇದನೆಯಲ್ಲಿ, ಹೇಳಿಕೊಂಡರು. ಪಾದ್ರಿ ಪಾಪವಿಮೋಚನೆ ಕೊಟ್ಟರು. ಮುಂದಿನ ಶನಿವಾರ ಮತ್ತೆ ಹೋದರು, ಅದೇ ಪಾಪ. ಕೊನೆಗೆ ಚರ್ಚಿನ ಮುಖ್ಯ ಪಾದ್ರಿ ವಿಗಾರರೇ "ಸಾಕು ಬಾಯಿ, ದೇವರು ಕ್ಷಮಿಸಿದ್ದಾನೆ" ಅಂದರು. ಬಾಯಿ ಬೇರೆ ಇಗರ್ಜಿ (ಚರ್ಚು) ಹುಡುಕಿದರು. ಬಿಜೈ, ಬೆಂದೂರು, ಮಿಲಾಗ್ರಿಸ್ ಎಲ್ಲಾ ಆಯಿತು. ಪೂಜೆಗೆ ಹೋದರೂ, ಪಾಪ ಹೋಗಿಲ್ಲ ಅನ್ನುವ ಅಳುಕಿಗೆ, ಪರಮಪ್ರಸಾದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಕೊಡುವ ಹೊತ್ತಿಗೆ ಬೆಂಚು ಬಿಟ್ಟು ಏಳುತ್ತಿರಲಿಲ್ಲ.

ನನ್ನ ಮುಂದೆ ಬ್ಯಾಗಿನಿಂದ ಒಂದು ಚೀಟಿ ತೆಗೆದರು. ಪಾಪಗಳ ಪಟ್ಟಿ. ಮಡಚಿ ಮಡಚಿ ಹರಿದ ಕಡೆ ಸೆಲ್ಲೋಟೇಪ್ ಹಚ್ಚಿದ್ದರು. ಅಂಚಿನಲ್ಲಿ ಬೇರೆ ಬೇರೆ ಪೆನ್ನಿನಲ್ಲಿ ಆಮೇಲೆ ಸೇರಿಸಿದ ಸಾಲುಗಳು.

"ಏನಾದರೂ ಬಿಟ್ಟುಹೋಗಿದ್ದರೆ, ಮೇಡಂ?"

"ನಿಮ್ಮನ್ನು ನೀವೇ ಕ್ಷಮಿಸಿಕೊಳ್ಳಿ" ಅಂತ ಇಂಥವರಿಗೆ ನಾನು ಹೇಳುವುದಿಲ್ಲ. ಸುಮ್ನೆ ಬಾಯಿಮಾತಾಗುತ್ತದೆ. ಅವರ ಲೆಕ್ಕ ಇರುವುದು ದೇವರ ಜೊತೆ, ಅಲ್ಲೇ ಮಾತಾಡಬೇಕು. ಲೂಕನ ಸುವಾರ್ತೆಯ 15ನೇ ಅಧ್ಯಾಯ ತೆಗೆಯಲು ಹೇಳಿದೆ. ಅಲ್ಲಿ ಯೇಸು ಹೇಳುವ ಕತೆಯಲ್ಲಿ, ಪಾಲು ಪಡೆದು ಮನೆಬಿಟ್ಟು ಹೋಗಿ ಎಲ್ಲ ಹಾಳುಮಾಡಿಕೊಂಡ ಮಗನೂ ತಪ್ಪೊಪ್ಪಿಗೆಯ ಮಾತನ್ನು ವಾಪಸ್ ಹೊರಡುವ ಮೊದಲೇ ಜೋಡಿಸಿಕೊಂಡಿದ್ದ. ಕೊನೆಯ ಸಾಲು, ನನ್ನನ್ನು ಕೂಲಿಯಾಳಾಗಿ ಇಟ್ಟುಕೋ ಅಂತ. ಮನೆ ಮುಟ್ಟಿದ ಮೇಲೆ ಆ ಸಾಲು ಅವನ ಬಾಯಿಂದ ಬರುವುದೇ ಇಲ್ಲ. ಅಷ್ಟರಲ್ಲಿ ಅಪ್ಪ ಆಳುಗಳನ್ನು ಕರೆದು ಅಂಗಿ, ಉಂಗುರ, ಚಪ್ಪಲಿ ತರಿಸುತ್ತಿದ್ದಾನೆ. ಅಪ್ಪ ಓಡಿ ಬಂದು ಅಪ್ಪಿಕೊಂಡಿದ್ದಂತೂ ಮಗ ಒಂದು ಮಾತೂ ಆಡುವ ಮೊದಲು. ಬಾಯಿ ಅದನ್ನು ಮತ್ತೆ ಓದಿದರು. "ಪಟ್ಟಿ ಪೂರ್ತಿ ಕೇಳಲೇ ಇಲ್ಲ, ಅಲ್ವಾ?" ಅಂದರು.

ಇನ್ನೊಬ್ಬರ ವಿಷಯವನ್ನೂ ಹೇಳಿದೆ. ಯೇಸುಸಭೆ (ಜೆಸ್ವಿಟ್ ಪಾದ್ರಿಗಳ ಸಂಘ) ಕಟ್ಟಿದ ಸಂತ ಇಗ್ನೇಷಿಯಸ್ ಲೊಯೋಲ 1522ರಲ್ಲಿ ಸ್ಪೇನಿನ ಮೊನ್ಸೆರಾಟ್‌ನಲ್ಲಿ ಪಾಪಗಳನ್ನು ಬರೆದುಕೊಂಡು ಮೂರು ದಿನ ನಿವೇದನೆ ಮಾಡಿದರು. ಆದರೂ ಆಮೇಲೆ ಹತ್ತಿರದ ಮನ್ರೇಸಾ ಊರಿನಲ್ಲಿದ್ದಾಗ, ಏನೋ ಬಿಟ್ಟುಹೋಯಿತು ಅನ್ನುವ ಸಂಶಯ ಬಿಡಲಿಲ್ಲ. ಹೇಳಿದ್ದನ್ನೇ ಹೇಳಿದರು, ಒಂದು ವಾರ ಊಟ ಬಿಟ್ಟರು, ಸಾಯುವ ಯೋಚನೆಯೂ ಬಂತು. ಹಳೆಯ ಪಾಪವನ್ನು ಇನ್ನು ಹೇಳುವುದಿಲ್ಲ ಎಂದು ಗಟ್ಟಿ ಮಾಡಿಕೊಂಡ ಮೇಲೆ ಹೊರಬಂದರು. ಸಂತರಿಗೂ ಹೀಗಾಗುತ್ತದಾ ಅಂತ ಬಾಯಿಗೆ ಆಶ್ಚರ್ಯ.

ಸಲಹೆ ಇಷ್ಟು. ಒಬ್ಬರೇ ಪಾದ್ರಿ, ತಿಂಗಳಿಗೊಮ್ಮೆ. ತಾಯಿಯ ವಿಷಯ ಮತ್ತೆ ಎತ್ತಬಾರದು. ಸಂಶಯ ಬಂದರೂ ಪರಮಪ್ರಸಾದಕ್ಕೆ ಹೋಗಬೇಕು. ಹೀಗೆ ಒಂದೇ ಯೋಚನೆ ಬಿಡದೆ ಕಾಡುವುದು ಕೆಲವರಲ್ಲಿ ಗೀಳಿನ ಕಾಯಿಲೆ. ಬಾಯಿಗೆ ನಿದ್ದೆಯೂ ಕೆಟ್ಟಿತ್ತು, ಹಾಗಾಗಿ ಮನೋವೈದ್ಯರ ಹತ್ತಿರ ಕಳಿಸಿದೆ. ನಂಬಿಕೆ ಕಡಿಮೆಯಾಗಿದೆ ಅಂತ ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ ಅಂದೆ.

ಅಣ್ಣನ ವಿಷಯ ಮಾತ್ರ ಬೇರೆ. ದೇವರು ಷರತ್ತಿಲ್ಲದೆ ಕ್ಷಮಿಸುತ್ತಾನೆ ಅಂದರೆ ಅಣ್ಣನ ಮನೆಗೆ ಹೋಗಬೇಕಿಲ್ಲ ಅಂತಲ್ಲ. ಬೈಬಲಿನ ಜಕ್ಕಾಯನ ಕತೆ ನೋಡಿ, ಸುಂಕ ವಸೂಲಿ ಮಾಡಿ ಹಣ ಮಾಡಿಕೊಂಡವನು. ಯೇಸು ಮೊದಲು ಅವನ ಮನೆಗೆ ಬಂದ. ನಾಲ್ಕರಷ್ಟು ವಾಪಸ್ ಕೊಡುತ್ತೇನೆ ಎಂದು ಜಕ್ಕಾಯ ಹೇಳಿದ್ದು ಆಮೇಲೆ. ಬಾಯಿಗೆ ಅಣ್ಣನ ಹತ್ತಿರ ಹೋಗುವ ಧೈರ್ಯ ಬರಬೇಕಾದ್ದೂ ಅಲ್ಲಿಂದಲೇ. ಅಣ್ಣ ಕ್ಷಮಿಸದಿದ್ದರೆ? ಅದು ಅಣ್ಣನಿಗೆ ಬಿಟ್ಟದ್ದು. ದೇವರು ಕೊಟ್ಟ ಕ್ಷಮೆ ಅದರಿಂದ ರದ್ದಾಗುವುದಿಲ್ಲ.

ಮಾತ್ರೆ ಇನ್ನೂ ನಡೆಯುತ್ತಿದೆ. ಶನಿವಾರದ ಓಡಾಟ ನಿಂತಿದೆ. ಅಣ್ಣನ ಜೊತೆ ಫೋನಿನಲ್ಲಿ ಮಾತು ಶುರುವಾಗಿದೆ, ಜಾಗದ ಸುದ್ದಿ ಬಂದರೆ ಮಾತ್ರ ಇಬ್ಬರೂ ಫೋನ್ ಇಡುತ್ತಾರಂತೆ. ಮುಂದಿನ ಭೇಟಿಗೆ ಅಣ್ಣನನ್ನೂ ಕರೆತರಲು ಹೇಳಿದ್ದೇನೆ.