ಎಬ್ಸಿಡಿಕ್ ಫೈಲಿನಲ್ಲಿ ಹೆಸರು ಸರಿ, ಮೊತ್ತ ಮಾತ್ರ ಕಲಸುಮೇಲೋಗರ

ಎಬ್ಸಿಡಿಕ್ (ಐಬಿಎಂ ಮೇನ್‌ಫ್ರೇಮ್‌ಗಳ ಅಕ್ಷರ ಸಂಕೇತ) ಫೈಲನ್ನು ಆಸ್ಕಿಗೆ (ಸಾಮಾನ್ಯ ಕಂಪ್ಯೂಟರ್‌ಗಳ ಅಕ್ಷರ ಸಂಕೇತ) ತಿರುಗಿಸಿದ ಮೇಲೆ ಮೊತ್ತ ಯಾಕೆ ಕೆಟ್ಟಿತು ಅಂತ ಕೇಳಿದ್ದೀರಿ. ಹೆಸರು, ವಿಳಾಸ ಸರಿಯಾಗಿ ಬಂದು ಮೊತ್ತದ ಕಾಲಂ ಮಾತ್ರ ಕೆಟ್ಟಿದೆ ಅಂದರೆ ಅದು ಬಹುತೇಕ ಕಾಂಪ್-3, ಅಂದರೆ ಪ್ಯಾಕ್ಡ್ ಡೆಸಿಮಲ್ (ಕೋಬಾಲ್ ಭಾಷೆಯಲ್ಲಿ ಸಂಖ್ಯೆಯನ್ನು ಒತ್ತಾಗಿ ಇಡುವ ವಿಧಾನ). ಅದು ಅಕ್ಷರವೇ ಅಲ್ಲ. ನೀವು ಇಡೀ ಫೈಲನ್ನು ಆಸ್ಕಿಗೆ ತಿರುಗಿಸಿದಾಗ ಆ ಬೈಟ್‌ಗಳೂ ಬದಲಾಗಿವೆ. ಈಗಿರುವ ಫೈಲನ್ನು ಸುಮ್ನೆ ರಿಪೇರಿ ಮಾಡುತ್ತಾ ಕೂರಬೇಡಿ.

ಮೊದಲು ಮೂಲ ಫೈಲನ್ನು ಬೈನರಿ ಮೋಡ್‌ನಲ್ಲೇ ಮತ್ತೆ ತರಿಸಿಕೊಳ್ಳಿ. ಜೊತೆಗೆ ಕೋಬಾಲ್ ಕಾಪಿಬುಕ್ (ರೆಕಾರ್ಡ್‌ನ ಫೀಲ್ಡ್‌ಗಳ ವಿವರಪಟ್ಟಿ) ಕೇಳಿ. ಅದಿಲ್ಲದೆ ಯಾವ ಫೀಲ್ಡ್ ಎಲ್ಲಿ ಶುರುವಾಗುತ್ತದೆ ಅಂತ ಊಹಿಸಬೇಕಾಗುತ್ತದೆ, ದುಡ್ಡಿನ ಲೆಕ್ಕದಲ್ಲಿ ಊಹೆ ಬೇಡ. ಆಮೇಲೆ ರೆಕಾರ್ಡ್ ಉದ್ದಕ್ಕೆ ಸರಿಯಾಗಿ ಕತ್ತರಿಸಿ (ಎಲ್ಲ ರೆಕಾರ್ಡ್ ಒಂದೇ ಉದ್ದ ಅಂದುಕೊಂಡಿದ್ದೇನೆ). ಪಿಕ್ ಎಕ್ಸ್ (ಅಕ್ಷರಗಳಿರುವ) ಫೀಲ್ಡ್‌ಗಳನ್ನು ಮಾತ್ರ ಪೈಥಾನ್‌ನ ಸಿಪಿ037 ಕೋಡೆಕ್‌ನಿಂದ ಡಿಕೋಡ್ ಮಾಡಿ.

ಕಾಂಪ್-3ರಲ್ಲಿ ಒಂದು ಬೈಟ್‌ಗೆ ಎರಡು ಅಂಕಿ. ಕೊನೆಯ ಅರ್ಧ ಬೈಟ್ ಮಾತ್ರ ಚಿಹ್ನೆ. ಹೆಕ್ಸ್‌ನಲ್ಲಿ 12 34 5ಸಿ ಇದ್ದರೆ +12345, ಕೊನೆಗೆ 5ಡಿ ಇದ್ದರೆ -12345. ದಶಮಾಂಶ ಬಿಂದು ಫೈಲಿನಲ್ಲಿ ಇರುವುದಿಲ್ಲ. ಕಾಪಿಬುಕ್‌ನಲ್ಲಿ ಬಿಂದುವಿನ ಜಾಗ ತೋರಿಸುವ 'ವಿ' ಎಲ್ಲಿದೆ ನೋಡಿ ನೀವೇ ಹಾಕಬೇಕು. ಇಲ್ಲೇ ಜಾಸ್ತಿ ಜನ ಎಡವುವುದು.

ಕೋಡ್ ಪೇಜ್ (ಎಬ್ಸಿಡಿಕ್‌ನ ಯಾವ ರೂಪ ಅನ್ನುವುದು) 037 ಹೌದೋ ಅಲ್ಲವೋ ನಿಮ್ಮ ಪ್ರಶ್ನೆಯಿಂದ ಗೊತ್ತಾಗುತ್ತಿಲ್ಲ. ಚೌಕ ಆವರಣ ಅಥವಾ ! ತಪ್ಪಾಗಿ ಬಂದರೆ ಸಿಪಿ500 ಹಾಕಿ ನೋಡಿ.