ಇಂಗ್ಲಿಷಿನ 12 ಟೆನ್ಸ್‌ಗಳ ಚಾರ್ಟ್ ಪೂರ್ತಿ ಬಾಯಿಪಾಠ ಆಗಿದೆ, ಆದರೂ ಬರೆಯುವಾಗ ಮಾತಾಡುವಾಗ ತಪ್ಪಾಗುತ್ತೆ. ಬೇಗ ಕಲಿಯೋದು ಹೇಗೆ?

ಆ ಚಾರ್ಟ್ ನನ್ನ ಹಾಸ್ಟೆಲ್ ಗೋಡೆ ಮೇಲೂ ಇತ್ತು. ಪಿಯುಸಿವರೆಗೆ ಕನ್ನಡ ಮೀಡಿಯಂ, ಆಮೇಲೆ ಜಿಎನ್‌ಎಂ ನರ್ಸಿಂಗ್. ಇಂಗ್ಲಿಷ್ ಅಂದರೆ ಕೈಕಾಲು ನಡುಗುತ್ತಿತ್ತು, ಅದಕ್ಕೇ ಹನ್ನೆರಡೂ ಟೆನ್ಸ್ ಉರು ಹೊಡೆದಿದ್ದೆ. ನಿದ್ದೆಯಿಂದ ಎಬ್ಬಿಸಿ ಕೇಳಿದ್ದರೂ ಒಪ್ಪಿಸುತ್ತಿದ್ದೆ. ನಿಮಗೆ ಇಷ್ಟ ಆಗಲಿಕ್ಕಿಲ್ಲ, ಆದರೂ ಹೇಳುತ್ತೇನೆ: ನೀವು ಕಲಿತದ್ದು ಕಮ್ಮಿ ಆಗಿಲ್ಲ. ಕಲಿಯಬೇಕಾದ್ದು ಆ ಚಾರ್ಟಿನಲ್ಲಿ ಇಲ್ಲ, ಅಷ್ಟೆ.

ಬೆಂಗಳೂರಿನ ಒಂದು ಆಸ್ಪತ್ರೆಯ ಸರ್ಜರಿ ವಾರ್ಡಿನಲ್ಲಿ ಕೆಲಸಕ್ಕಿದ್ದೆ. ವಾರ್ಡಿನಲ್ಲಿ ಮಾತೆಲ್ಲ ಕನ್ನಡ, ತಮಿಳು, ಹಿಂದಿ. ಕೇಸ್ ಶೀಟ್ ಮಾತ್ರ ಇಂಗ್ಲಿಷ್. ಒಬ್ಬ ವಯಸ್ಸಾದ ಅಮ್ಮ ಹರ್ನಿಯಾ ಆಪರೇಷನ್‌ಗೆ ಅಡ್ಮಿಟ್ ಆದರು. ಎರಡು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡಿದ್ದರು. ಜೊತೆಗೆ ಬಂದಿದ್ದ ಮಗ, "ಅವತ್ತಿಂದ ರಕ್ತ ತೆಳು ಮಾಡೋ ಮಾತ್ರೆ ತಗೋತಿದ್ದಾರೆ ಸಿಸ್ಟರ್" ಅಂದು ಚೀಟಿ ತೋರಿಸಿದರು. ಕ್ಲೋಪಿಡೋಗ್ರೆಲ್. ಡ್ರಗ್ ಹಿಸ್ಟರಿ ಅನ್ನುವ ಕಡೆ ನಾನು ಬರೆದೆ: ಪೇಷಂಟ್ ವಾಸ್ ಟೇಕಿಂಗ್ ಕ್ಲೋಪಿಡೋಗ್ರೆಲ್ ಆಫ್ಟರ್ ಸ್ಟೆಂಟಿಂಗ್.

ಯಾಕೆ ಹಾಗೆ ಬರೆದೆ ಅಂತ ಬಿಡಿಸಿ ಹೇಳಲೇಬೇಕು, ಯಾಕಂದರೆ ನೀವೂ ನಾಳೆ ಇದನ್ನೇ ಮಾಡುತ್ತೀರಿ. ಅಲ್ಲಿ "ಹಿಸ್ಟರಿ" ಅಂತಿತ್ತು. ಹಿಸ್ಟರಿ ಅಂದರೆ ಹಳೇದು, ಹಳೇದಕ್ಕೆ ಪಾಸ್ಟ್. ಎರಡು ವರ್ಷ ಎಡೆಬಿಡದೆ ನಡೆದಿದೆ, ಅದಕ್ಕೆ ಕಂಟಿನ್ಯುಯಸ್. ಎರಡೂ ಸೇರಿದರೆ ಪಾಸ್ಟ್ ಕಂಟಿನ್ಯುಯಸ್, ಚಾರ್ಟಿನಲ್ಲಿ ಕೈಯಿಟ್ಟು ತೋರಿಸಬಹುದು. ಅಲ್ಲಿ ಬರಬೇಕಿದ್ದ "ಹ್ಯಾಸ್ ಬೀನ್ ಟೇಕಿಂಗ್" ನನಗೆ ಗೊತ್ತಿರಲಿಲ್ಲ ಅಂತಲ್ಲ, ಗೊತ್ತಿತ್ತು. ಮೂರು ಪದ ಸಾಲಾಗಿ ಬಂದರೆ ಎಲ್ಲೋ ಎಡವುತ್ತೇನೆ ಅಂತ ಭಯ. ವಾಸ್ ಹಾಕಿದರೆ ಸೇಫು ಅಂದುಕೊಂಡೆ.

ಆ ಸಾಲು ಓದಿದ ಡ್ಯೂಟಿ ಡಾಕ್ಟರಿಗೆ ಅರ್ಥವಾದದ್ದು: ತಗೊಳ್ಳುತ್ತಿದ್ದರು, ಈಗ ನಿಲ್ಲಿಸಿದ್ದಾರೆ. ತಪ್ಪೇನಿಲ್ಲ, ಆ ಇಂಗ್ಲಿಷ್ ಹಾಗೇ ಹೇಳುತ್ತಿತ್ತು. ಈ ಮಾತ್ರೆಯನ್ನು ಇಂಥ ಆಪರೇಷನ್‌ಗೆ ಕೆಲವು ದಿನ ಮುಂಚೆಯೇ ನಿಲ್ಲಿಸುವುದು ವಾಡಿಕೆ, ಅದೂ ಹೃದಯದ ಡಾಕ್ಟರನ್ನು ಕೇಳಿ. ಇಲ್ಲವಾದರೆ ರಕ್ತ ನಿಲ್ಲುವುದು ಕಷ್ಟ. ಆಪರೇಷನ್ ದಿನ ಬೆಳಗ್ಗೆ ಅನಸ್ತೇಷಿಯಾ ಡಾಕ್ಟರು ಸುಮ್ನೆ ಇನ್ನೊಂದು ಸಲ ಇರಲಿ ಅಂತ ಕೇಳಿದರು, "ಈ ಮಾತ್ರೆ ಯಾವಾಗ ನಿಲ್ಲಿಸಿದ್ರಿ ಅಮ್ಮಾ?"

"ನಿಲ್ಸೋದಾ? ನಿನ್ನೆ ಬೆಳಗ್ಗೆನೂ ನುಂಗಿ ಬಂದಿದೀನಲ್ಲಪ್ಪ."

ಆಪರೇಷನ್ ಮುಂದಕ್ಕೆ ಹೋಯಿತು. ಹಿಂದಿನ ರಾತ್ರಿಯಿಂದ ಉಪವಾಸ ಇದ್ದ ಅಮ್ಮ ಅಳುಮೋರೆ ಮಾಡಿಕೊಂಡು ಕೂತರು, ಮಗ ವಾರ್ಡೇ ಕಿತ್ತುಹೋಗುವ ಹಾಗೆ ಕೂಗಾಡಿದರು. ನನಗೆ ಮೆಮೊ ಬಂತು. ಆ ವರ್ಷ ಬರಬೇಕಿದ್ದ ಇನ್‌ಚಾರ್ಜ್ ಕೆಲಸ ಬೇರೆಯವರ ಪಾಲಾಯಿತು. ಡಾಕ್ಟರುಗಳೂ ಮೊದಲೇ ಕೇಳಬೇಕಿತ್ತು ಅನ್ನಿ, ಆದರೆ ಮೆಮೊ ಯಾವಾಗಲೂ ಕೆಳಗಿನವರಿಗೇ ತಾನೇ ಬರೋದು.

ಮೆಮೊಗೆ ಉತ್ತರ ಬರೆಯಲು ಕೂತು ಆ ಸಾಲನ್ನು ಹಿಂದೆಮುಂದೆ ಓದಿದೆ. ವ್ಯಾಕರಣದಲ್ಲಿ ಒಂದೇ ಒಂದು ತಪ್ಪಿಲ್ಲ. ಯಾವ ಮೇಷ್ಟ್ರು ತಿದ್ದಿದರೂ ಫುಲ್ ಮಾರ್ಕ್ಸ್. ನನ್ನ ಜೊತೆ ಕೆಲಸ ಮಾಡುತ್ತಿದ್ದವರು ಬರೆದಿದ್ದರೆ "ಪೇಷಂಟ್ ಈಸ್ ಟೇಕಿಂಗ್ ಸಿನ್ಸ್ ಟೂ ಇಯರ್ಸ್" ಅಂತ ಬರೆಯುತ್ತಿದ್ದರು. ಎರಡು ವರ್ಷದಿಂದ ತಗೋತಿದ್ದಾರೆ ಅನ್ನೋದರ ನೇರ ಇಂಗ್ಲಿಷು. ಗ್ರಾಮರ್ ಗೊತ್ತಿರೋರು ನಗುತ್ತಾರೆ. ಆದರೆ ಮಾತ್ರೆ ಇನ್ನೂ ನಡೀತಿದೆ ಅಂತ ಎಲ್ಲರಿಗೂ ಗೊತ್ತಾಗುತ್ತಿತ್ತು, ದಿನ ಹಾಳಾಗುತ್ತಿರಲಿಲ್ಲ. ಅವತ್ತಿಂದ ನನಗೆ ಈ "ತಪ್ಪಿಲ್ಲದ ಇಂಗ್ಲಿಷ್" ಅನ್ನೋ ಹುಚ್ಚು ಬಿಟ್ಟಿತು.

ಚಾರ್ಟ್ ನಿಮ್ಮನ್ನು ಕೇಳುವುದು "ಯಾವಾಗ ನಡೆಯಿತು?" ಅಂತ. ನೀವು ಕೇಳಿಕೊಳ್ಳಬೇಕಾದ್ದು "ಈಗಲೂ ಇದೆಯಾ?" ಅಂತ. ಇದೆ, ಯಾವಾಗಿಂದ ಅಂತಲೂ ಹೇಳುತ್ತಿದ್ದೀರಿ ಅಂದರೆ ಹ್ಯಾವ್ ಅಥವಾ ಹ್ಯಾಸ್ ಬೇಕು, ಎಷ್ಟೇ ಹಳೇದಾಗಿರಲಿ. ಮುಗಿದಿದೆ, ಯಾವಾಗ ಅಂತಲೂ ಹೇಳುತ್ತಿದ್ದೀರಿ ಅಂದರೆ ಸಿಂಪಲ್ ಪಾಸ್ಟ್, ನಿನ್ನೆ ಮೊನ್ನೆಯದೇ ಆಗಿರಲಿ.

ಇದು ನನಗೆ ಗಟ್ಟಿಯಾಗಿ ಕೂತದ್ದು ಒಇಟಿ ಪರೀಕ್ಷೆಗೆ ಓದುವಾಗ. ಹೊರದೇಶಕ್ಕೆ ಹೋಗುವ ನರ್ಸು, ಡಾಕ್ಟರುಗಳು ಬರೆಯುವ ಇಂಗ್ಲಿಷ್ ಪರೀಕ್ಷೆ ಅದು. ಬ್ರಿಟನ್‌ಗೆ ಹೋಗುವ ನರ್ಸ್ ಆದರೆ ಓದು, ಕೇಳು, ಮಾತು ಮೂರರಲ್ಲೂ ಬಿ ಗ್ರೇಡ್ ಬೇಕು, ಬರವಣಿಗೆಗೆ ಸಿ ಪ್ಲಸ್ ಸಾಕು. ಬರವಣಿಗೆಗೆ 45 ನಿಮಿಷ, ಮೊದಲ 5 ನಿಮಿಷ ಓದುವುದಕ್ಕೆ ಮಾತ್ರ. ರೋಗಿಯ ಬಗ್ಗೆ ತುಂಡು ತುಂಡು ಟಿಪ್ಪಣಿ ಕೊಡುತ್ತಾರೆ, ಅದರಿಂದ ಕಾಗದ ಬರೆಯಬೇಕು. ಟಿಪ್ಪಣಿಯಲ್ಲಿ ಹೆಚ್ಚಾಗಿ ಕ್ರಿಯಾಪದವೇ ಇರೋದಿಲ್ಲ, ಟೆನ್ಸ್ ನಾವೇ ಹಾಕಬೇಕು. "ಸಕ್ಕರೆ ಕಾಯಿಲೆ, 2012ರಿಂದ" ಅಂತಿದ್ದರೆ ಹ್ಯಾಸ್ ಹ್ಯಾಡ್ ಡಯಾಬಿಟಿಸ್ ಸಿನ್ಸ್ 2012. "ಸಿಗರೇಟು, 1990–2014" ಅಂತಿದ್ದರೆ ಸ್ಮೋಕ್ಡ್ ಅಂಟಿಲ್ 2014. ಇಲ್ಲಿ ಹ್ಯಾಸ್ ಸ್ಮೋಕ್ಡ್ ಸಿನ್ಸ್ 1990 ಅಂತ ಬರೆದರೆ, ಪಾಪ, ಬಿಟ್ಟ ಮನುಷ್ಯನ ಬಾಯಿಗೆ ಮತ್ತೆ ಸಿಗರೇಟು ಇಟ್ಟ ಹಾಗೆ. "ಆಪರೇಷನ್, 2019" ಅಂದರೆ ಅಂಡರ್‌ವೆಂಟ್ ಸರ್ಜರಿ ಇನ್ 2019. ಮುಗಿದದ್ದಕ್ಕೆ ಇಸವಿ ಬಂತಾ, ಅಲ್ಲಿ ಹ್ಯಾಸ್ ಕೂರೋದಿಲ್ಲ.

ನಮಗೆ ಕಾಲು ಜಾರೋದೇ ಇಲ್ಲಿ. ಕನ್ನಡದಲ್ಲಿ "ನಿನ್ನೆನೇ ಕಳಿಸಿದ್ದೀನಿ" ಅನ್ನಬಹುದು, ಯಾರೂ ಹುಬ್ಬೇರಿಸಲ್ಲ. ಅದೇ ಧಾಟಿಯಲ್ಲಿ ಐ ಹ್ಯಾವ್ ಸೆಂಟ್ ಇಟ್ ಯೆಸ್ಟರ್‌ಡೇ ಅಂದರೆ ಇಂಗ್ಲಿಷ್ ಒಪ್ಪಲ್ಲ. "ಹೋದ ವಾರ ಮೈಸೂರಿಗೆ ಹೋಗಿದ್ದೆ" ಅನ್ನೋದನ್ನು ಐ ಹ್ಯಾಡ್ ಗಾನ್ ಅಂತ ಶುರು ಮಾಡಿದರೆ ಕೇಳುವವರು ಮುಂದಿನ ಮಾತಿಗೆ ಕಾಯುತ್ತಾರೆ, ಯಾವುದಕ್ಕಿಂತ ಮುಂಚೆ ಅಂತ. ವೆಂಟ್ ಸಾಕು. ಹ್ಯಾಡ್ ಬೇಕಾಗೋದು ಹಳೇ ಸಂಗತಿಗಿಂತ ಇನ್ನೂ ಹಳೇದನ್ನು ಹೇಳುವಾಗ: ಆಂಬುಲೆನ್ಸ್ ಬರುವಷ್ಟರಲ್ಲಿ ರಕ್ತ ನಿಂತಿತ್ತು, ಅನ್ನೋ ಥರದ್ದಕ್ಕೆ.

ಆಮೇಲೆ ಆ ಹನ್ನೆರಡರ ಲೆಕ್ಕಕ್ಕೆ ಹೆದರಬೇಡಿ. ಇಂಗ್ಲಿಷ್ ಕ್ರಿಯಾಪದ ಕಾಲಕ್ಕೆ ತಕ್ಕಂತೆ ತಾನೇ ರೂಪ ಬದಲಿಸೋದು ಎರಡೇ, ಟೇಕ್ ಮತ್ತು ಟುಕ್. ಫ್ಯೂಚರ್‌ಗೆ ಅಂತ ಬೇರೆ ರೂಪ ಇಲ್ಲ. ವಿಲ್ ಸೇರಿಸುತ್ತಾರೆ, ಇಲ್ಲವಾದರೆ ದ ಬಸ್ ಲೀವ್ಸ್ ಅಟ್ ಸಿಕ್ಸ್ ಟುಮಾರೋ ಅಂತ ವರ್ತಮಾನದಲ್ಲೇ ಮುಗಿಸುತ್ತಾರೆ. ನಾವು ದಿನಾ ಬರ್ತೀನಿ, ನಾಳೆ ಬರ್ತೀನಿ ಎರಡಕ್ಕೂ "ಬರ್ತೀನಿ" ಅನ್ನೋದಿಲ್ವಾ?

ಚಾರ್ಟ್ ಕಿತ್ತು ಹಾಕಿ. ಮನೆಯವರೊಬ್ಬರ ಬಗ್ಗೆ ಆ ಥರ ತುಂಡು ಟಿಪ್ಪಣಿ ಮಾಡಿ: ಅಪ್ಪನ ಕೆಲಸ ಯಾವಾಗಿಂದ, ಬಿಪಿ ಯಾವಾಗಿಂದ, ಬೈಕ್ ಮಾರಿದ್ದು ಯಾವಾಗ. ಒಂದೊಂದನ್ನೂ ಪೂರ್ತಿ ವಾಕ್ಯ ಮಾಡಿ ಜೋರಾಗಿ ಓದಿ. ವಿಲ್ ಹ್ಯಾವ್ ಬೀನ್ ಡೂಯಿಂಗ್ ಅಂತೂ ಇಷ್ಟು ವರ್ಷದ ಸರ್ವಿಸ್‌ನಲ್ಲಿ ನಾನು ಒಂದು ಸಲವೂ ಬರೆದಿಲ್ಲ. ಯಾವುದಾದರೂ ಪರೀಕ್ಷೆಯಲ್ಲಿ ಅದನ್ನು ಕೇಳಿದರೆ ಒಂದು ಮಾರ್ಕು ಹೋಗಲಿ ಬಿಡಿ.