ಒಂದು ಸೆಂಟಿಮೀಟರ್ ಎಲ್ಲಿ ಹೋಯಿತು?

ನಿಮ್ಮ ಮನೆಯವರ ನಾಲಿಗೆ ಕ್ಯಾನ್ಸರ್ ಆಪರೇಷನ್ ಬಗ್ಗೆ ಬರೆದಿದ್ದೀರಿ. ಸುತ್ತ ಒಂದು ಸೆಂಟಿಮೀಟರ್ ಒಳ್ಳೆಯ ಭಾಗವನ್ನೂ ಸೇರಿಸಿ ಗಡ್ಡೆ ತೆಗೆದೆ ಎಂದು ಸರ್ಜನ್ ಹೇಳಿದರು. ಲ್ಯಾಬ್ ರಿಪೋರ್ಟಿನಲ್ಲಿ ಮಾತ್ರ ಮಾರ್ಜಿನ್, ಅಂದರೆ ಆ ಒಳ್ಳೆಯ ಭಾಗದ ಅಗಲ, 4 ಮಿ.ಮೀ. ಎಂದಿದೆ. "ಇಬ್ಬರಲ್ಲಿ ಸುಳ್ಳು ಯಾರದು?" ಎಂದು ಕೇಳಿದ್ದೀರಿ.

ಯಾರದೂ ಅಲ್ಲ. ನಾಲಿಗೆ ಅಂದರೆ ಬಹುತೇಕ ಸ್ನಾಯು. ಕತ್ತರಿಸಿದ ಕೂಡಲೇ ಅದು ಮುದುಡಿಕೊಳ್ಳುತ್ತದೆ. ಕೆಡದಂತೆ ಫಾರ್ಮಲಿನ್ ಎಂಬ ದ್ರಾವಣದಲ್ಲಿ ಇಟ್ಟ ಮೇಲೆ ಇನ್ನಷ್ಟು ಕುಗ್ಗುತ್ತದೆ. ಲ್ಯಾಬಿನಲ್ಲಿ ಆ ತುಂಡಿನ ಅಂಚಿಗೆ ಬಣ್ಣದ ಇಂಕ್ ಬಳಿಯುತ್ತಾರೆ, ತೆಳ್ಳಗೆ ಸೀಳುತ್ತಾರೆ. ಕೊನೆಯ ಕ್ಯಾನ್ಸರ್ ಕೋಶದಿಂದ ಇಂಕಿನವರೆಗೆ ಎಷ್ಟು ದೂರ ಎಂದು ಮೈಕ್ರೋಸ್ಕೋಪಿನಲ್ಲಿ ಅಳೆಯುತ್ತಾರೆ. ಸರ್ಜನ್ ಬೆರಳಿಗೆ ಸಿಗುವುದು ಗಟ್ಟಿ ಗಡ್ಡೆ ಮಾತ್ರ. ಅದರಾಚೆ ಬೇರಿನಂತೆ ಚಾಚಿಕೊಂಡ ಕೋಶಗಳು ಕೈಗೆ ತಾಗುವುದಿಲ್ಲ.

ಸಾಮಾನ್ಯವಾಗಿ 5 ಮಿ.ಮೀ. ಅಥವಾ ಜಾಸ್ತಿ ಇದ್ದರೆ 'ಕ್ಲಿಯರ್', ಅದಕ್ಕಿಂತ ಕಡಿಮೆಯಾದರೆ 'ಕ್ಲೋಸ್', ಇಂಕಿನಲ್ಲೇ ಕ್ಯಾನ್ಸರ್ ಕಂಡರೆ 'ಪಾಸಿಟಿವ್'. ನಿಮ್ಮದು ಕ್ಲೋಸ್. ಕಾಯಿಲೆ ಮತ್ತೆ ಬಂದೇ ಬರುತ್ತದೆ ಎಂದು ಇದರ ಅರ್ಥ ಅಲ್ಲ. ಗಡ್ಡೆ ಎಷ್ಟು ಆಳಕ್ಕೆ ಇಳಿದಿತ್ತು, ನರದ ಗುಂಟ ಹರಡಿತ್ತಾ, ಕುತ್ತಿಗೆಯ ಗಂಟುಗಳಲ್ಲಿ (ಲಿಂಫ್ ನೋಡ್) ಇತ್ತಾ ಎನ್ನುವುದೂ ಅಷ್ಟೇ ಮುಖ್ಯ. ಇವೆಲ್ಲ ಅದೇ ರಿಪೋರ್ಟಿನಲ್ಲಿ ಇರುತ್ತವೆ. ಸುಮ್ನೆ ಒಂದು ಅಂಕಿಯನ್ನೇ ಹಿಡಿದು ಕೊರಗಬೇಡಿ.

ಇನ್ನೊಂದು ಮಾತು. ಮಾರ್ಜಿನ್ ಕ್ಲಿಯರ್ ಇದ್ದವರಿಗೂ ಕೆಲವೊಮ್ಮೆ ಮರಳಿ ಬರುತ್ತದೆ. ಗಡ್ಡೆಯ ಸುತ್ತ ಕಣ್ಣಿಗೆ ಚೆನ್ನಾಗಿಯೇ ಕಾಣುವ ಬಾಯಿಯ ಒಳಚರ್ಮವೂ ಒಳಗೆ ಕೆಟ್ಟಿರಬಹುದು ಎಂದು ಸ್ಲಾಟರ್ ಎಂಬ ವೈದ್ಯರು ಮತ್ತು ಸಂಗಡಿಗರು 1953ರಲ್ಲೇ ಬರೆದಿದ್ದರು. ಹಾಗಾಗಿ ತಂಬಾಕು ಇನ್ನು ಬಾಯಿಗೆ ಸೋಕಲೇಬಾರದು. ಮರಳುವ ಕ್ಯಾನ್ಸರ್ ಹೆಚ್ಚಾಗಿ ಮೊದಲ ಎರಡು ವರ್ಷದಲ್ಲೇ ಕಾಣಿಸಿಕೊಳ್ಳುತ್ತದೆ. ನೋವಿಲ್ಲ ಅಂತ ಚೆಕಪ್ ತಪ್ಪಿಸಬೇಡಿ.

ನಿಮ್ಮ ಪತ್ರದಲ್ಲಿ ನನಗೆ ನಿಜಕ್ಕೂ ಕಳವಳ ತಂದದ್ದು ಕೊನೆಯ ಸಾಲು. "ಗಾಯ ಪೂರ್ತಿ ಮಾಗಲಿ, ಎರಡು ತಿಂಗಳು ಬಿಟ್ಟು ರೇಡಿಯೇಷನ್ ವಿಷಯ ನೋಡೋಣ ಎಂದು ಮನೆಯವರು ಅನ್ನುತ್ತಿದ್ದಾರೆ." ದಯವಿಟ್ಟು ಹಾಗೆ ಮಾಡಬೇಡಿ. ರೇಡಿಯೇಷನ್ ಬೇಕು ಎಂದಾದರೆ ಆಪರೇಷನ್ ಆದ 6 ವಾರದೊಳಗೆ ಶುರುವಾಗಬೇಕು ಎನ್ನುವುದು ವೈದ್ಯರ ಗುರಿ. ನಿಮಗೆ ಈಗಾಗಲೇ ಮೂರು ವಾರ ಕಳೆದಿದೆ, ಅಲ್ವಾ? ರಿಪೋರ್ಟ್ ಹಿಡಿದು ಈ ವಾರವೇ ಹೋಗಿ. ಮತ್ತೆ ಸ್ವಲ್ಪ ಕತ್ತರಿಸಬೇಕಾ, ರೇಡಿಯೇಷನ್ ಸಾಕಾ, ಜೊತೆಗೆ ಕೀಮೋ ಬೇಕಾ, ಅಥವಾ ಯಾವುದೂ ಬೇಡವಾ ಎಂದು ನೇರವಾಗಿ ಕೇಳಿ. ರೇಡಿಯೇಷನ್ ಎಂದರೆ ಮೊದಲು ಹಲ್ಲಿನ ಡಾಕ್ಟರಿಗೂ ತೋರಿಸಬೇಕು. ಕೆಟ್ಟ ಹಲ್ಲು ಕಿತ್ತರೆ ಆ ಗಾಯ ಆರುವುದಕ್ಕೂ ದಿನ ಬೇಕಾಗುತ್ತದೆ.